ಅಚ್ಚಿನ ಬಾಯಿ

ಸೇತುವೆ ಬಂದಾಗ ಸೀಸೆಯ ನೀರನ್ನು ಕಿಟಕಿಯಾಚೆ ಚೆಲ್ಲಿಬಿಡಬೇಕು ಎಂದುಕೊಂಡಿದ್ದ ಹುಸೇನ್, ಬಸ್ಸು ಭದ್ರಾ ಸೇತುವೆ ದಾಟಿ ಮುಗಿದರೂ ಚೀಲದ ಗುಂಡಿ ಬಿಚ್ಚಲಿಲ್ಲ. ಪಕ್ಕದಲ್ಲಿ ಅಬ್ಬಾ ಕೂತಿದ್ದರು. ಮದುವೆಗಳಿಗೆ ಮಾತ್ರ ತೆಗೆಯುವ ಕರಿ ಶೇರ್ವಾನಿ ತೊಟ್ಟು, ತುರ್ಕಿ ಟೋಪಿಯನ್ನು ಬಸ್ಸಿನ ಗಾಳಿಗೆ ಹಾರದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಜನ್ಮವೆಲ್ಲ ಲಾರಿಗಳ ಕೆಳಗೆ ಮಲಗಿ ಎದ್ದ ಮೆಹಬೂಬ್ ಸಾಬರ ಬೆರಳುಗಳು ಎಷ್ಟು ತೊಳೆದರೂ ಕಪ್ಪು ಬಿಡುತ್ತಿರಲಿಲ್ಲ. ಆ ಕಪ್ಪು ಬೆರಳುಗಳು ಟೋಪಿಯ ಅಂಚನ್ನು ಸುತ್ತಲೂ ಸವರುತ್ತಿದ್ದವು. ಹಾಗೆ ಸವರುವುದು ಸಂತೋಷವೋ ಗಾಬರಿಯೋ ಹುಸೇನನಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದ ಮೇಲೆ ಅಬ್ಬಾನ ಮುಖ ಓದುವುದು ಮರೆತುಹೋಗಿದೆ ಅನ್ನಿಸಿ ಅವನು ಹೊರಗೆ ನೋಡಿದ. ಬೆಳಿಗ್ಗೆ ಹೊರಡುವಾಗ ಅಮ್ಮ ಅಖ್ತರ್ ಬೀ, ಟಾನಿಕ್ಕಿನ ಖಾಲಿ ಸೀಸೆಯಲ್ಲಿ ದರ್ಗಾದಲ್ಲಿ ದುವಾ ಓದಿಸಿ ತಂದ ನೀರು ತುಂಬಿ, ಕಾರ್ಕಿನ ಮೇಲೆ ಬಟ್ಟೆ ಕಟ್ಟಿ ಕೈಗಿಟ್ಟಿದ್ದಳು. "ಬೆಂಕಿ ಕೆಲಸ ಬೇಟಾ. ಮೊದಲು ಇದನ್ನ ಹಾಕು, ಆಮೇಲೆ ಕಬ್ಬಿಣ ಹಾಕು." ಕರಗಿದ ಕಬ್ಬಿಣಕ್ಕೆ ನೀರಿಗಿಂತ ದೊಡ್ಡ ವೈರಿ ಇಲ್ಲ ಅಂತ ಅವಳಿಗೆ ಹೇಳಲು ಹೊರಟವನು, ಅವಳ ಮುಖ ನೋಡಿ, ಆಯ್ತಮ್ಮ ಅಂದಿದ್ದ. ಆ ಆಯ್ತಮ್ಮ ಈಗ ಚೀಲದಲ್ಲಿ ಕುಲುಕುತ್ತಿತ್ತು.

"ನೀರು ತಂದ್ಯಾ?" ಅಬ್ಬಾ ಕೇಳಿದರು.

"ತಂದೆ."

"ಮರೀಬೇಡ. ನಿಮ್ಮಮ್ಮ ಸಂಜೆ ಕೇಳ್ತಾಳೆ."

"ಕೊನೇಲಿ ಹಾಕ್ತೀನಿ ಅಬ್ಬಾ."

ಅವರು ತಲೆಯಾಡಿಸಿದರು. ಇವನು ಹಾಕುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆಯೇ? ಗೊತ್ತಾಗಲಿ ಎಂದು ಒಂದು ಮನಸ್ಸು, ಬೇಡ ಎಂದು ಇನ್ನೊಂದು.

ಅಬ್ಬಾ ರಿಪೇರಿ ಮಾಡುತ್ತಿದ್ದ ಲಾರಿಗಳ ಮಾಲೀಕ ಭೈರಪ್ಪನವರ ಫೌಂಡ್ರಿ ಶಿವಮೊಗ್ಗದ ಹೊರಗೆ ಭದ್ರಾವತಿ ರಸ್ತೆಯಲ್ಲೇ ಇತ್ತು. ಹಳೆಯ ಭತ್ತದ ಗೋದಾಮಿನ ಚಾವಣಿಯಲ್ಲಿ ತೂತು ಕೊರೆದು, ಅದರಿಂದ ಕುಲುಮೆಯ ಕೊಳವೆಯನ್ನು ಮೇಲಕ್ಕೆ ಬಿಟ್ಟಿದ್ದರು. ನೀರೆತ್ತುವ ಪಂಪಿನ ಎರಕದ ಮೈ ಅಲ್ಲಿಯವರೆಗೆ ಕೊಯಮತ್ತೂರಿನಿಂದ ಬರಬೇಕಾಗಿತ್ತು. ಅದನ್ನು ಇಲ್ಲೇ ಎರೆಯಬೇಕೆಂಬುದು ಅವರ ಹಟ. ವಿದೇಶದಲ್ಲಿರುವ ನಮ್ಮ ಇಂಜಿನಿಯರುಗಳೇ ತಿರುಗಿ ಬನ್ನಿ, ದೇಶ ಕಟ್ಟೋಣ ಎಂದು ಪೇಪರಿನಲ್ಲಿ ಬಂದದ್ದನ್ನು ಅವರೇ ಮೆಹಬೂಬ್ ಸಾಬರಿಗೆ ಓದಿ ಹೇಳಿ, "ಕರೆಸ್ರಿ ಸಾಬ್ರೆ ನಿಮ್ಮ ಮಗನ್ನ, ದೇಶ ಆಮೇಲೆ ಕಟ್ಲಿ, ಮೊದಲು ನಂದೊಂದು ಕುಲುಮೆ ಕಟ್ಲಿ" ಅಂದಿದ್ದರಂತೆ. ಶೆಫೀಲ್ಡಿನ ಕಾರ್ಖಾನೆ ಆರು ತಿಂಗಳ ರಜ ಕೊಟ್ಟಿತ್ತು. ಈಗ ಅದು ಮುಗಿಯುತ್ತ ಬಂದಿದೆ. ಇಲ್ಲೇ ಇದ್ದುಬಿಡು ಎಂದು ಭೈರಪ್ಪನವರು ಎರಡು ಸಲ ಕೇಳಿದ್ದಾರೆ, ಇವನು ಎರಡು ಸಲವೂ ನಕ್ಕು ಸುಮ್ಮನಾಗಿದ್ದಾನೆ. ಇವತ್ತಿನ ಎರಕ ಸರಿಯಾಗಿ ಬಂದರೆ ಇರುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದು ಹುಸೇನ್ ತನ್ನೊಳಗೆ ಒಂದು ಲೆಕ್ಕ ಇಟ್ಟುಕೊಂಡಿದ್ದ. ಬದುಕನ್ನು ಕಬ್ಬಿಣದ ಮೇಲೆ ಹೊರಿಸಿ ತಾನು ತಪ್ಪಿಸಿಕೊಳ್ಳುವ ಉಪಾಯ ಇದು ಎಂದೂ ಅವನಿಗೆ ಗೊತ್ತಿತ್ತು.

ಶೆಫೀಲ್ಡಿನಲ್ಲಿ ಅವನಿದ್ದ ಮನೆಯ ಯಜಮಾನಿ, ಅವನು ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂರುವ ಮೊದಲು ಒಂದು ಪೇಪರು ಹಾಸುತ್ತಿದ್ದಳು. ಅದು ಫೌಂಡ್ರಿಯ ಮಸಿಗೋ, ಅವನ ಮೈಬಣ್ಣಕ್ಕೋ? ಆ ಮನೆಯಲ್ಲಿ ಫೌಂಡ್ರಿಗೆ ಹೋಗುವವನು ಅವನೊಬ್ಬನೇ, ಹೊರದೇಶದವನೂ ಅವನೊಬ್ಬನೇ. ಹೀಗಾಗಿ ಹನ್ನೊಂದು ವರ್ಷ ಕಳೆದರೂ ಬಗೆಹರಿಯಲಿಲ್ಲ. ಆದರೆ ಕಾರ್ಖಾನೆಯೊಳಗೆ ಒಂದು ನಿಯಮವಿತ್ತು. ಲೋಹ ಎರೆಯುವಾಗ ಯಾರು ಕೈ ಎತ್ತಿದರೂ ಎಲ್ಲವೂ ನಿಲ್ಲಬೇಕು. ಕಸ ಗುಡಿಸುವವನಾದರೂ ಸರಿ. ಏಕೆ ಅಂತ ಆಮೇಲೆ ಕೇಳುವುದು. ಅಲ್ಲಿ ಎತ್ತಿದ ಕೈಗೆ ಊರಿಲ್ಲ, ಜಾತಿಯಿಲ್ಲ. ಇಲ್ಲಿಗೆ ಬಂದ ಮೊದಲ ವಾರ ಇದನ್ನೇ ಅವನು ಕೆಲಸದವರಿಗೆ ಹೇಳಿಕೊಟ್ಟಿದ್ದ. ಲೋಹ ಹೊರುವ ಮಂಜಪ್ಪ ಎಲ್ಲವನ್ನೂ ಕೇಳಿ, "ಆಯ್ತು ಸಾರ್, ಅಂದ್ರೆ ಕೈ ಎತ್ತಿ ಬಸ್ಸು ನಿಲ್ಸಿದ ಹಂಗೆ" ಎಂದ. ಎಲ್ಲರೂ ನಕ್ಕರು. ಅವರು ತನಗೆ ಹಿಂದಿನಿಂದ ಲಂಡನ್ ಸಾಬ್ ಅನ್ನುವುದು ಹುಸೇನನಿಗೆ ಗೊತ್ತಿತ್ತು. ಬೂಟು ಹಾಕಿಸಿದ್ದಕ್ಕೆ, ಬೀಡಿ ನಿಲ್ಲಿಸಿದ್ದಕ್ಕೆ ಬಂದ ಹೆಸರು. ತಾನು ಲಂಡನ್ ನೋಡಿದ್ದು ರೈಲು ಬದಲಾಯಿಸುವಾಗ ಮಾತ್ರ ಎಂದು ಹೇಳೋಣವೆಂದರೆ ಅದೂ ಜಂಬದ ಹಾಗೆ ಕೇಳಿಸುತ್ತಿತ್ತು.

ಇವತ್ತು ಬೂಟುಗಳೆಲ್ಲ ಬಾಗಿಲ ಹೊರಗೆ ಸಾಲಾಗಿದ್ದವು. ಪೂಜೆ. ಕುಲುಮೆಗೆ ಬಾಳೆಕಂದು ಕಟ್ಟಿದ್ದರು. ಬೂದುಗುಂಬಳ ಒಡೆದು ಕುಂಕುಮ ಹಚ್ಚಿದ ಹೋಳುಗಳು ಬಾಗಿಲ ಎರಡು ಕಡೆ ಬಿದ್ದಿದ್ದವು. ಹುಸೇನ್ ಚೀಲವನ್ನು ಗೋಡೆಯ ಮೊಳೆಗೆ ತಗುಲಿಸಿ, ತಾನೂ ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಿಂತ. ಕಾಲುಚೀಲ ತೆಗೆಯಬೇಕೋ ಬೇಡವೋ? ಅಬ್ಬಾ ಬರಿಗಾಲಲ್ಲಿ, ಟೋಪಿ ಇಟ್ಟುಕೊಂಡು, ಭೈರಪ್ಪನವರ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಅವರಿಗೆ ಇಂಥ ಪ್ರಶ್ನೆಗಳೇ ಏಳುವುದಿಲ್ಲ. ಪ್ರತಿ ಆಯುಧಪೂಜೆಗೆ ಭೈರಪ್ಪನವರ ಲಾರಿಯ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದವರು ಅವರೇ. ಲಾರಿ ಮುಂದಕ್ಕೆ ಬಿಡುತ್ತಿದ್ದವರೂ ಅವರೇ.

ಭೈರಪ್ಪನವರ ಹೆಂಡತಿ ವಿಶಾಲಮ್ಮ ತಾಮ್ರದ ಚೊಂಬಿನಿಂದ ಮಾವಿನೆಲೆಯಲ್ಲಿ ತೀರ್ಥ ಅದ್ದಿ ಅದ್ದಿ ಎಲ್ಲದರ ಮೇಲೂ ಚಿಮುಕಿಸುತ್ತ ಬಂದರು. ಕುಲುಮೆಗೆ. ಗಾಳಿಯಂತ್ರಕ್ಕೆ. ಲೋಹ ಹೊರುವ ಲ್ಯಾಡಲಿಗೆ, ಅಂದರೆ ಇಬ್ಬರು ಹಿಡಿಯುವ ಉದ್ದ ಕೈಗಳ ಆ ಕಬ್ಬಿಣದ ಬಕೆಟ್ಟಿಗೆ. ಆಮೇಲೆ ನೆಲದ ಮೇಲಿದ್ದ ಒಂದೇ ಒಂದು ದೊಡ್ಡ ಮರಳಿನ ಅಚ್ಚಿಗೆ. ಮೂರು ದಿನ ಇದ್ದಿಲಿನ ಶಾಖ ಕೊಟ್ಟು ಹುಸೇನ್ ಒಣಗಿಸಿದ ಅಚ್ಚು. ಅದರ ಮೇಲ್ಗಡೆ ಲೋಹ ಸುರಿಯಲು ಬಿಟ್ಟ ಬಾಯಿಯ ಹತ್ತಿರ ಎಲೆ ಒದರಿದಾಗ ಅವನ ಕೈ ತಾನಾಗಿ ಮೇಲೆದ್ದು, ಎದೆಯ ಮಟ್ಟದಲ್ಲಿ ನಿಂತು, ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತು. ನಾಲ್ಕು ಹನಿ. ನಾಲ್ಕು ಹನಿ ಏನೂ ಮಾಡುವುದಿಲ್ಲ. ಮರಳು ಕುಡಿಯುತ್ತದೆ, ಶಾಖಕ್ಕೆ ಆರುತ್ತದೆ. ಚಾವಣಿ ಸೋರಿ ಇಷ್ಟೇ ಹನಿ ಬಿದ್ದಿದ್ದರೆ ಏನು ಮಾಡುತ್ತಿದ್ದೆ? ಕೂಗಾಡುತ್ತಿದ್ದೆ. ಹಾಗಾದರೆ ಈಗೇಕೆ ಇಲ್ಲ? ಇದು ತೀರ್ಥ, ನಾನು ಹುಸೇನ್. ಅಥವಾ ತೀರ್ಥವಾದ್ದರಿಂದಲೇ ನಾಲ್ಕು ಹನಿ ನನ್ನ ಕಣ್ಣಿಗೆ ಬಿತ್ತೇ? ಅವನಿಗೆ ತನ್ನ ಮೇಲೆ ತನಗೇ ಅನುಮಾನ ಬಂತು. ಲ್ಯಾಡಲನ್ನು ಮಾತ್ರ ಯಾರಿಗೂ ಕಾರಣ ಹೇಳದೆ ಮತ್ತೆ ಬೆಂಕಿಯ ಮೇಲೆ ಕವಿಚಿಡಿಸಿದ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅಚ್ಚಿನ ಬಾಯೊಳಗೆ ಕನ್ನಡಿ ಹಿಡಿದು ನೋಡೋಣವೆಂದು ಬಗ್ಗುವಷ್ಟರಲ್ಲಿ ಭೈರಪ್ಪನವರು ಕೂಗಿದರು:

"ಏನ್ ಹುಸೇನ್ ಸಾಹೇಬ್ರೆ, ಪೂಜೆ ಆಗಿದ್ದನ್ನ ಮತ್ತೆ ಪರೀಕ್ಷೆ ಮಾಡ್ತೀರೋ? ಬನ್ನಿ, ಊಟಕ್ಕೆ ಬನ್ನಿ. ಹೊಟ್ಟೆ ತಣ್ಣಗಿದ್ರೆ ಕಬ್ಬಿಣಾನೂ ಮಾತು ಕೇಳುತ್ತೆ."

ಎಲ್ಲರೂ ನಕ್ಕರು. ಹುಸೇನ್ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡ.

ಚಪ್ಪರದಡಿ ಎಲೆ ಹಾಕಿದ್ದರು. ಗಾಳಿಯಂತ್ರ ಆಗಲೇ ಮೊರೆಯುತ್ತಿತ್ತು. ಊಟವಾದ ಮೇಲೆ ವಿಶಾಲಮ್ಮ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಕಾಫಿ ಕೊಟ್ಟು, ಹುಸೇನನಿಗೆ ಮಾತ್ರ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ ತಂದರು. "ನಿಂಗೆ ಇದ್ರಲ್ಲೇ ಅಭ್ಯಾಸ ಅಲ್ವಾ ಮಗಾ?" ಅಬ್ಬಾ ಲಾರಿಯಡಿ ಮಲಗಿರುವಾಗ ಸ್ಪ್ಯಾನರು ಎತ್ತಿಕೊಡುತ್ತಿದ್ದ ಹುಡುಗನಾಗಿ ಅವನು ಭೈರಪ್ಪನವರ ಮನೆಯ ಅಂಗಳದಲ್ಲಿ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದ. ಆಗ ಜಗಲಿಯ ಗೂಡಿನಲ್ಲಿ ಎರಡು ಗಾಜಿನ ಲೋಟ ಕವಿಚಿರುತ್ತಿದ್ದವು, ಅಬ್ಬಾನದೊಂದು, ಅವನದೊಂದು. ವಿಶಾಲಮ್ಮ ಅವುಗಳ ತುಂಬ ಮಜ್ಜಿಗೆ ಹೊಯ್ದು, ಕುಡಿಯುವ ತನಕ ನಿಂತು ನೋಡಿ, ಇನ್ನೊಂದು ಚೂರು ಹೊಯ್ಯುತ್ತಿದ್ದರು. ಆ ಮಜ್ಜಿಗೆಯ ಪ್ರೀತಿ ಸುಳ್ಳಲ್ಲ. ಆ ಲೋಟ ಬೇರೆ ಇದ್ದದ್ದೂ ಸುಳ್ಳಲ್ಲ. ಈ ಪಿಂಗಾಣಿ ಕಪ್ಪು ಇಂಗ್ಲೆಂಡಿಗೆ ಮಾಡಿದ ಮರ್ಯಾದೆಯೋ, ಗೂಡಿನ ಲೋಟವೇ ಹೂವು ಬರೆಸಿಕೊಂಡು ಬಂದದ್ದೋ? ಕುರ್ಚಿಯ ಮೇಲೆ ಹಾಸಿದ ಪೇಪರು ನೆನಪಾಯಿತು. ಅಬ್ಬಾ ಯಾವುದರಲ್ಲಿ ಕುಡಿಯುತ್ತಿದ್ದಾರೆ ನೋಡೋಣವೆಂದು ತಿರುಗಿದರೆ ಅವರು ಅಲ್ಲಿರಲಿಲ್ಲ. ಕೈ ತೊಳೆಯಲು ಹೋಗಿರಬೇಕು.

ಕುಲುಮೆಯಿಂದ ಲೋಹ ಬಿಡುವ ಹೊತ್ತಾಯಿತು. ಬೂಟು ಹಾಕಿಕೊಳ್ಳದವರು ಒಳಗೆ ಬರಕೂಡದು ಎಂದು ಹುಸೇನ್ ಬಾಗಿಲಲ್ಲೇ ನಿಂತ. ಮಂಜಪ್ಪ ಬೂಟಿನ ದಾರ ಕಟ್ಟುತ್ತ, "ದೇವ್ರ ಮುಂದೆ ಬಿಚ್ಚು, ಬೆಂಕಿ ಮುಂದೆ ಹಾಕು, ಹೆಂಡ್ತಿ ಮುಂದೆ ಏನ್ ಮಾಡ್ಬೇಕು ಸಾರ್?" ಎಂದ. ಲ್ಯಾಡಲಿನ ಹಿಂದಿನ ಕೈ ಹಿಡಿಯುವ ಧರ್ಮಪ್ಪ, "ಓಡಬೇಕು ಮಾರಾಯ, ಅದಕ್ಕೂ ಬೂಟೇ ಬೇಕು" ಎಂದ. ಹುಸೇನನಿಗೆ ನಗು ಬಂತು. ಮೊದಲ ಬಾರಿಗೆ ಅವರ ಜೊತೆಯಲ್ಲಿ, ಅವರು ನಕ್ಕ ಹೊತ್ತಿನಲ್ಲೇ ತಾನೂ ನಕ್ಕೆ ಅನ್ನಿಸಿ, ಆ ಅನ್ನಿಸಿಕೆಯಿಂದಲೇ ನಗು ನಿಂತುಹೋಯಿತು.

ಕುಲುಮೆಯ ಬುಡದ ಮಣ್ಣಿನ ಬಿರಟೆಯನ್ನು ಒಡೆದಾಗ ಲೋಹ ಬಿಳಿಯಾಗಿ ಇಳಿಯಿತು. ಗೋದಾಮಿನ ಮೂಲೆಮೂಲೆಗಳಲ್ಲಿ ಯಾವ ಕಾಲದಿಂದಲೋ ಇದ್ದ ಭತ್ತದ ಧೂಳು ಆ ಬೆಳಕಿಗೆ ಎದ್ದು ಕಾಣಿಸಿತು. ಬಾಗಿಲಲ್ಲಿ ಭೈರಪ್ಪನವರು, ಮತ್ತೆ ತೀರ್ಥದ ಚೊಂಬು ಹಿಡಿದ ವಿಶಾಲಮ್ಮ, ಅವರ ಹಿಂದೆ ಅಬ್ಬಾ. ಮಂಜಪ್ಪ, ಧರ್ಮಪ್ಪ ಲ್ಯಾಡಲನ್ನು ಎತ್ತಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ಅಚ್ಚಿನ ಕಡೆ ಬಂದರು. ಅವರು ಹತ್ತಿರವಾದಂತೆ ಬೆಳಕೂ ಅವರ ಜೊತೆ ನಡೆದು ಬಂದು ಅಚ್ಚಿನ ಮೇಲೆ ಬಿತ್ತು. ಆಗ ಹುಸೇನನಿಗೆ ಕಂಡಿತು. ಬಾಯಿಯ ಸುತ್ತ ಮರಳು ಕಪ್ಪಾಗಿತ್ತು. ಹನಿಗಳ ಗುರುತಲ್ಲ, ಅಂಗೈಯಷ್ಟು ಅಗಲದ ಕಲೆ. ನೆರಳೇ? ಅವನು ಕೈ ಎತ್ತಿದ. ಕೈಯನ್ನು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಲೋಹದ ಮೇಲಿತ್ತು. ನೆರಳೇ ಇರಬಹುದು. ನಿಲ್ಲಿಸಿದರೆ ಲೋಹ ಲ್ಯಾಡಲಿನಲ್ಲೇ ಹೆಪ್ಪುಗಟ್ಟುತ್ತದೆ. ಇಡೀ ದಿನ, ಇಷ್ಟು ಜನರ ಆಸೆ, ಪೂಜೆ ಎಲ್ಲ ಹೋಗುತ್ತದೆ. ನಮ್ಮ ತೀರ್ಥ ಅವನಿಗೆ ಆಗಲಿಲ್ಲ ಅನ್ನುತ್ತಾರೆ. ನೆರಳಲ್ಲದಿದ್ದರೆ ಒಳಗಿನ ನೀರು ಒಂದೇ ಏಟಿಗೆ ಆವಿಯಾಗಿ ಲೋಹವನ್ನು ಮೇಲಕ್ಕೆ ಉಗಿಯುತ್ತದೆ. ಮೇಲೆ ಅಂದರೆ ಬಗ್ಗಿ ಎರೆಯುವ ಮಂಜಪ್ಪನ ಮುಖ. ಇದನ್ನೆಲ್ಲ ಯೋಚಿಸಿ ತೀರ್ಮಾನಿಸಿದ ನೆನಪು ಅವನಿಗೆ ಆಮೇಲೆ ಇರಲಿಲ್ಲ. ಅಚ್ಚಿಗೂ ಲ್ಯಾಡಲಿಗೂ ನಡುವೆ ಹೋಗಿ ನಿಂತಿದ್ದ, ಅಷ್ಟೆ.

"ಸಾರ್! ಜರುಗಿ ಸಾರ್!"

"ಎರೀಬೇಡಿ. ಗೋಡೆ ಪಕ್ಕದ ಗುಂಡೀಲಿ ಸುರೀರಿ."

"ಅಯ್ಯೋ, ಇಷ್ಟೂನಾ?"

"ಇಷ್ಟೂ. ಕುಲುಮೆ ಬಾಯಿಗೆ ಮಣ್ಣು ಹೊಡೀರಿ!"

ಒಣ ಮರಳಿನ ಗುಂಡಿಯಲ್ಲಿ ಲೋಹ ಬಿದ್ದು, ಕೆಂಪಾಗಿ, ನಿಧಾನಕ್ಕೆ ಕಂದಿತು. ಭೈರಪ್ಪನವರು ಒಳಗೆ ಬಂದರು. ಅವರ ದನಿ ಮೆತ್ತಗಿತ್ತು. ಬಯ್ದಿದ್ದರೆ ಚೆನ್ನಾಗಿತ್ತು.

"ಯಾಕ್ರೀ?"

ಸಾಹೇಬ್ರೆ ಇಲ್ಲ, ಹುಸೇನಾ ಇಲ್ಲ. ಬರೀ ಯಾಕ್ರೀ.

"ಅಚ್ಚು ಒದ್ದೆ ಇದೆ ಅಂತ ಅನುಮಾನ."

"ಅನುಮಾನ," ಎಂದರು ಭೈರಪ್ಪನವರು. ಬಾಗಿಲ ಹತ್ತಿರ ಯಾರೋ, "ತೀರ್ಥ ಹಾಕಿದ್ದಕ್ಕೆ" ಎಂದರು. ಯಾರು ಎಂದು ಹುಸೇನ್ ತಿರುಗಿ ನೋಡಲಿಲ್ಲ. ಒಳಗೆ ಏನೂ ಇಲ್ಲದಿದ್ದರೆ ನಾಳೆಯೇ ಹೊರಡಬಹುದು ಎಂಬ ಯೋಚನೆ ತಣ್ಣಗೆ, ಹೆಚ್ಚುಕಡಿಮೆ ಸುಖವಾಗಿ ಬಂದು ಹೋಯಿತು. ಅವನು ಅಚ್ಚಿನ ಮೇಲ್ಭಾಗಕ್ಕೆ ಕೈ ಹಾಕಿದ. ಮಂಜಪ್ಪ, ಧರ್ಮಪ್ಪ ಕೈ ಸೇರಿಸಿ ಎತ್ತಿದರು. ಒಳಗೆ, ಪಂಪಿನ ಮೈ ಮೂಡಬೇಕಾದ ಜಾಗದಲ್ಲಿ, ಮರಳು ಕುಸಿದು ಕೆಸರಾಗಿತ್ತು. ತಳದಲ್ಲಿ ನೀರು ನಿಂತಿತ್ತು. ಚಾವಣಿಯ ಸಂದಿನಿಂದ ಬಿದ್ದ ಬಿಸಿಲು ಅದರಲ್ಲಿ ಅಲುಗಾಡಿತು.

ಮಂಜಪ್ಪ ಅದನ್ನೇ ನೋಡುತ್ತ ಕೂತುಬಿಟ್ಟ. ಆಮೇಲೆ ತನ್ನ ಮುಖವನ್ನು ಅಂಗೈಯಿಂದ ಒಮ್ಮೆ ಮುಟ್ಟಿ ನೋಡಿಕೊಂಡ. "ಸಾರ್," ಎಂದ. ಈ ಸಾರ್ ಹಿಂದಿನ ಸಾರ್‌ಗಳಂತಿರಲಿಲ್ಲ. ಎಲ್ಲರೂ ಹುಸೇನನನ್ನು ನೋಡುತ್ತಿದ್ದರು. ಆರು ತಿಂಗಳಿಂದ ಅವನು ಯಾವುದಕ್ಕಾಗಿ ಒಳಗೊಳಗೇ ಹಂಬಲಿಸಿದ್ದನೋ ಅದು ಒಟ್ಟಿಗೇ ಬಂದು ಎದುರು ನಿಂತಿತ್ತು. ಇನ್ನು ಮೇಲೆ ಅವನು ಕೈ ಎತ್ತಿದರೆ ನಿಲ್ಲುತ್ತಾರೆ.

ಭೈರಪ್ಪನವರು ಹೆಂಡತಿಯ ಕಡೆ ತಿರುಗಿದರು. "ಒಂದ್ ಜೀವ ಹೋಗ್ತಿತ್ತಲ್ಲೇ! ಚೊಂಬೇ ಬಗ್ಗಿಸಿದ್ಯೇನೇ? ಎಲ್ಲಿ ಏನ್ ಮಾಡ್ಬೇಕು ಅನ್ನೋ ಜ್ಞಾನ ಬೇಡ್ವಾ?"

"ಇಲ್ಲಾರೀ, ಎಲೇಲಿ ನಾಲ್ಕು ಹನಿ..."

"ನಾಲ್ಕು ಹನಿ! ಕೊಳ ಆಗೈತೆ ಅಲ್ಲಿ, ನೋಡು!"

ಕೆಲಸದವರ ಮುಂದೆ, ರೇಷ್ಮೆ ಸೀರೆಯಲ್ಲಿ, ವಿಶಾಲಮ್ಮ ತಲೆ ತಗ್ಗಿಸಿ ನಿಂತರು. ಚೊಂಬು ಇನ್ನೂ ಕೈಯಲ್ಲಿತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡರು. ಹುಸೇನನಿಗೆ ಗೊತ್ತಿತ್ತು, ನಾಲ್ಕು ಹನಿ ಕೊಳವಾಗುವುದಿಲ್ಲ. ಅವನು ಬಾಗಿಲ ಕಡೆ ನೋಡಿದ. ಅಬ್ಬಾ ಅವನನ್ನು ನೋಡುತ್ತಿರಲಿಲ್ಲ, ಗೋಡೆಯ ಮೊಳೆಗೆ ತಗುಲಿಸಿದ್ದ ಚೀಲವನ್ನು ನೋಡುತ್ತಿದ್ದರು. ಚೀಲದ ಗುಂಡಿ ಬಿಚ್ಚಿತ್ತು. ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಮಗ ಹಾಕುವುದಿಲ್ಲ ಎಂದು ಬಸ್ಸಿನಲ್ಲೇ ಅರಿತು, ಎಲ್ಲರೂ ಕಾಫಿ ಕುಡಿಯುವಾಗ ಎದ್ದು ಹೋಗಿ, ಕುದಿಯುವ ಲಾರಿಗಳ ಬಾಯಿಗೆ ಜನ್ಮವೆಲ್ಲ ನೀರು ಹೊಯ್ದ ಕೈಯಿಂದ, ಒಂದು ಹನಿ ಆಚೆ ಚೆಲ್ಲದಂತೆ, ಬಿಸ್ಮಿಲ್ಲಾ ಅಂದು ಪೂರ್ತಿ ಸೀಸೆ ಬಗ್ಗಿಸಿರುತ್ತಾರೆ. ಮಗನಿಗೆ ಒಳ್ಳೆಯದಾಗಲಿ ಎಂದು. ಆ ಕಪ್ಪು ಬೆರಳುಗಳು ಈಗ ಟೋಪಿಯನ್ನು ಹಿಂಡುತ್ತಿದ್ದವು.

ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಗಂಡ ಹೆಂಡತಿಗೆ ಬಯ್ದದ್ದು ಸಂಜೆಗೆ ಮರೆತುಹೋಗುತ್ತದೆ. ಹೇಳಿದರೆ ಇಂಗ್ಲೆಂಡಿನಿಂದ ಬಂದವನ ಮನೆಯವರೇ ಅವನ ಅಚ್ಚಿಗೆ ನೀರು ಹೊಯ್ದರು ಎಂಬುದು ಶಿವಮೊಗ್ಗದ ಹೋಟೆಲುಗಳಲ್ಲೆಲ್ಲ ಕತೆಯಾಗುತ್ತದೆ. ಅದು ಬರೀ ನಗೆಯಲ್ಲೇ ನಿಲ್ಲುತ್ತದೆ ಎನ್ನುವ ಧೈರ್ಯವೂ ಇಲ್ಲ. ತೀರ್ಥವನ್ನು ಕಂಡು ಕೈಯನ್ನು ಅಂಗಿಯ ಗುಂಡಿಯ ಹತ್ತಿರ ನಿಲ್ಲಿಸಿಕೊಂಡಿದ್ದವನು, ಚೀಲದಲ್ಲಿದ್ದ ತನ್ನ ಮನೆಯ ನೀರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನ ಕಣ್ಣು ಅವರ ಚೊಂಬಿನ ಮೇಲಿತ್ತು. ವಿಶಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮಜ್ಜಿಗೆ ಹೊಯ್ದು, ಕುಡಿಯುವ ತನಕ ನಿಂತು ನೋಡುತ್ತಿದ್ದ ಅದೇ ಮುಖ.

"ಅವ್ರಿಗೆ ಬಯ್ಬೇಡಿ," ಎಂದ ಹುಸೇನ್. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಆ ನೀರು ನಮ್ಮನೇದು. ಅಮ್ಮ ದರ್ಗಾದಿಂದ ತಂದು ಕೊಟ್ಟಿದ್ರು. ನಾನೇ..."

"ಸುಳ್ಳು." ಅಬ್ಬಾ ಮುಂದೆ ಬಂದರು. ಜೇಬಿನಿಂದ ಖಾಲಿ ಸೀಸೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. "ಇವನಿಗೆ ಸುಳ್ಳು ಹೇಳೋಕೆ ಬರಲ್ಲ ಭೈರಪ್ಪನೋರೆ, ನೀವೇ ನೋಡಿದೀರಿ. ಹಾಕಿದ್ದು ನಾನು. ನನ್ ಬುದ್ಧಿಗೆ ಲಾರಿ ರೇಡಿಯೇಟರ್ ಬಿಟ್ರೆ ಬೇರೆ ಗೊತ್ತಿಲ್ಲ. ಮಂಜಪ್ಪಾ, ನಿನ್ನ ಮಕ್ಕಳು ನನ್ನ ಏನು ಕೇಳ್ತಿದ್ರೋ ಏನೋ..."

ಗುಂಡಿಯಲ್ಲಿ ಲೋಹ ಟಿಕ್ ಟಿಕ್ ಎನ್ನುತ್ತ ಬಿರಿಯುತ್ತಿತ್ತು. ಹುಸೇನ್ ಕಾಯುತ್ತಿದ್ದ, ನಗುವೋ, ಬೈಗುಳವೋ. ಮೊದಲು ಬಾಯಿ ತೆಗೆದವರು ವಿಶಾಲಮ್ಮ.

"ಅಖ್ತರ್ ಬೀ ಕೊಟ್ಟಿದ್ದಾ?"

"ಹೂಂ," ಎಂದರು ಅಬ್ಬಾ.

"ಮನೆಗೆ ಹೋಗಿ ಇದನ್ನೆಲ್ಲ ಅವಳ ಮುಂದೆ ಹೇಳ್ಬೇಡಿ ಸಾಬ್ರೆ. ತಾಳಲ್ಲ ಅವಳು." ಆಮೇಲೆ ಗಂಡನ ಕಡೆ ತಿರುಗಿ, "ಕೇಳಿಸ್ತಾ? ಕೊಳ ಅಂತೆ ಕೊಳ!" ಎಂದು ಚೊಂಬನ್ನು ಅವರ ಕೈಗೇ ತುರುಕಿ ಹೊರಗೆ ಹೋದರು.

ಭೈರಪ್ಪನವರು ಚೊಂಬು ಹಿಡಿದು ನಿಂತರು. ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಎಲ್ಲವೂ ಒಳ್ಳೆಯದೇ ಇರಲಿಲ್ಲ. ಕೊನೆಗೆ, "ಹೊಸ ಅಚ್ಚು ಒಣಗೋಕೆ ಎಷ್ಟು ದಿನ?" ಎಂದರು.

"ಮೂರು."

"ನೀನು ಇರ್ತೀಯೇನೋ ಅಲ್ಲೀತನಕ?"

ನೀನು ಎಂದದ್ದು ಸಲಿಗೆಯೋ, ಇಳಿಸಿದ್ದೋ? ಹುಸೇನ್ ಹೂಂ ಎಂದ. ಮೂರು ದಿನಕ್ಕೆ ಹೂಂ ಅಂದದ್ದೋ, ಇನ್ನೂ ಮುಂದಕ್ಕೆ ಅಂದದ್ದೋ ಅವನಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಧರ್ಮಪ್ಪ, "ಈ ಸಲ ಅಚ್ಚಿಗೆ ಕಾವಲು ಹಾಕ್ರಪ್ಪ, ಯಾವ ದೇವ್ರೂ ಹತ್ರ ಬರ್ಬಾರ್ದು" ಎಂದ. ಒಬ್ಬಿಬ್ಬರು ನಕ್ಕರು. ಮಂಜಪ್ಪ ನಗಲಿಲ್ಲ. ಅವನು ಕೆಸರಿನ ಮುಂದೆ ಹಾಗೇ ಕೂತಿದ್ದ.

ಸಂಜೆಯ ಬಸ್ಸಿನಲ್ಲಿ ಅಪ್ಪ ಮಗ ಅಕ್ಕಪಕ್ಕ ಕೂತರು. ಹೊರಡುವ ಮೊದಲು ವಿಶಾಲಮ್ಮ ಮತ್ತೆ ಕಾಫಿ ಕೊಟ್ಟಿದ್ದರು. ಅದನ್ನು ಯಾವುದರಲ್ಲಿ ಕುಡಿದೆ ಎಂದು ಹುಸೇನ್ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತುಟಿಗೆ ತಗುಲಿದ ಬಿಸಿ ಮಾತ್ರ ನೆನಪಿತ್ತು. ಸ್ಟೀಲೇ ಇರಬೇಕು, ಪಿಂಗಾಣಿ ಅಷ್ಟು ಸುಡುವುದಿಲ್ಲ. ಇರಬೇಕು. ಸೇತುವೆಯ ಮೇಲೆ ಅಬ್ಬಾ ಖಾಲಿ ಸೀಸೆಯನ್ನು ಜೇಬಿನಿಂದ ತೆಗೆದರು. ಹೊಳೆಗೆ ಎಸೆಯುತ್ತಾರೆ ಎಂದುಕೊಂಡ. ಅವರು ಅದರ ಮೇಲಿನ ಮರಳನ್ನು ಬೆರಳಿನಿಂದ ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡರು. ಒಳ್ಳೆಯ ಸೀಸೆ, ಅಖ್ತರ್ ಬೀ ಕೇಳುತ್ತಾಳೆ.

ಅವಳು ಹೊಸಿಲಲ್ಲೇ ನಿಂತಿದ್ದಳು. ಮೊದಲು ಮಗನ ಮುಖ, ಕೈ, ಕಾಲು ನೋಡಿದಳು, ಆಮೇಲೆ ಗಂಡನದು.

"ನೀರು ಹಾಕಿದ್ರಾ?"

"ಹಾಕಿದ್ವಿ," ಎಂದರು ಅಬ್ಬಾ.

"ಪೂರ್ತಿ?"

"ಪೂರ್ತಿ ಅಮ್ಮಾ," ಎಂದ ಹುಸೇನ್.

"ಯಾರಿಗೂ ಏನೂ ಆಗಲಿಲ್ವಲ್ಲ?"

"ಇಲ್ಲ. ಯಾರಿಗೂ ಏನೂ ಆಗಲಿಲ್ಲ."

"ಮತ್ತೆ?" ಎಂದಳು ಅಖ್ತರ್ ಬೀ. ಸೀಸೆಯನ್ನು ಗಂಡನ ಕೈಯಿಂದ ತೆಗೆದುಕೊಂಡು, ತೊಳೆದು ತುಂಬಿಡಲು ಒಳಗೆ ಹೋದಳು.